ಬೇಸ್‌ಬಾಲ್‌ನಲ್ಲಿ ಡೆಡ್ ಆದ (ಆಟದಿಂದ ಹೊರಗಾದ) ಚೆಂಡು ಮತ್ತೆ ಯಾವಾಗ ಆಟಕ್ಕೆ ಬರುತ್ತದೆ?

ಚೆಂಡು ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಕೈಗೆ ಬಂದ ಕೂಡಲೇ ಆಟ ಶುರು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಷ್ಟೇ ಸಾಲದು. ಪಿಚರ್ ಚೆಂಡು ಹಿಡಿದು ಪಿಚಿಂಗ್ ಪ್ಲೇಟ್ (ಎಸೆಯುವಾಗ ಕಾಲಿಡುವ ಪಟ್ಟಿ) ಮೇಲೆ ಬಂದು ನಿಲ್ಲಬೇಕು. ಆಮೇಲೆ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್ ಹಿಂದಿನ ಅಂಪೈರ್ 'ಪ್ಲೇ' ಅನ್ನಬೇಕು. ಆಗಲೇ ಚೆಂಡಿಗೆ ಜೀವ. ಚೆಂಡು ಹಳೆಯದೋ ಹೊಸದೋ ಲೆಕ್ಕಕ್ಕಿಲ್ಲ.

ತುಮಕೂರಿನಲ್ಲಿ ನಾನು ಹುಡುಗರಿಗೆ ಈ ಆಟ ಹೇಳಿಕೊಡುವಾಗ ಎಲ್ಲರೂ ಎಡವುವುದು ಇಲ್ಲೇ. ಕ್ರಿಕೆಟ್ ನೋಡಿ ಬೆಳೆದವರು ಅಲ್ವಾ! ಕ್ರಿಕೆಟ್‌ನಲ್ಲಿ ಚೆಂಡು ಕೀಪರ್ ಕೈಯಲ್ಲಿ ನಿಂತರೆ ಡೆಡ್. ಬೌಲರ್ ರನ್‌ಅಪ್ ಶುರು ಮಾಡಿದರೆ ತಾನಾಗಿಯೇ ಲೈವ್, ಅಂಪೈರ್ ಏನೂ ಹೇಳಬೇಕಿಲ್ಲ. ಬೇಸ್‌ಬಾಲ್‌ನಲ್ಲಿ ಕ್ಯಾಚರ್ (ಇಲ್ಲಿನ ಕೀಪರ್) ಚೆಂಡು ಹಿಡಿದರೂ ಅದು ಲೈವ್ ಆಗಿಯೇ ಇರುತ್ತದೆ. ಅದಕ್ಕೇ ಬೇಸ್ ಮೇಲಿರುವ ರನ್ನರ್ ಎರಡು ಪಿಚ್‌ಗಳ (ಎಸೆತಗಳ) ನಡುವೆಯೂ ಬೇಸ್ ಕದಿಯಬಹುದು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಬಹುದು. ಡೆಡ್ ಆಗಲು ಕಾರಣ ಬೇಕು: ಯಾರೂ ಹಿಡಿಯದ ಫೌಲ್ (ಗೆರೆಯಾಚೆ ಹೋದ ಹೊಡೆತ), ಬ್ಯಾಟರ್ ಮೈಗೆ ತಗುಲಿದ ಪಿಚ್, ಅಂಪೈರ್ ಕೊಟ್ಟ 'ಟೈಮ್', ಹೀಗೆ.

ಒಂದು ಉದಾಹರಣೆ. ಎರಡನೇ ಬೇಸ್‌ನ ರನ್ನರ್ ಓಡಿ ಮೂರನೆಯದನ್ನು ಮುಟ್ಟಿದ. ಆದರೆ ಹೊಡೆತ ಫೌಲ್ ಆಯಿತು. ಅವನು ನಿಧಾನವಾಗಿ ವಾಪಸ್ ನಡೆಯುವಾಗ ಫೀಲ್ಡರ್ ಚೆಂಡು ಮುಟ್ಟಿಸಿದರೆ ಔಟ್? ಇಲ್ಲ. ಚೆಂಡು ಇನ್ನೂ ಡೆಡ್. ಅವನು ಎರಡನೇ ಬೇಸ್ ಮತ್ತೆ ಮುಟ್ಟುವ ತನಕ ಅಂಪೈರ್ 'ಪ್ಲೇ' ಅನ್ನುವ ಹಾಗೂ ಇಲ್ಲ. ಈ ನಿಯಮ ನನಗೆ ತುಂಬಾ ಇಷ್ಟ, ರನ್ನರ್‌ಗೆ ಅನ್ಯಾಯ ಆಗುವುದಿಲ್ಲ.

ಬೇಸ್ ಮುಟ್ಟದೆ ಓಡಿದ ಅಂತ ಅಪೀಲ್ ಮಾಡುವುದಕ್ಕೂ ಇದೇ ಕ್ರಮ. ಚೆಂಡು ಡೆಡ್ ಆಗಿದ್ದರೆ ಮೊದಲು 'ಪ್ಲೇ', ಆಮೇಲೆ ಅಪೀಲ್.