ಅಣಬೆ ಬೆಳೆಸಿದ ಹುಲ್ಲಿನಿಂದ ತೆಗೆದ ಲ್ಯಾಕೇಸ್ ಎಂಜೈಮ್ ಡೈಯಿಂಗ್ ನೀರಿನ ಬಣ್ಣ ತೆಗೆಯುತ್ತಿಲ್ಲ, ಯಾವ ಕಾಲಮ್‌ನಲ್ಲಿ ಶುದ್ಧ ಮಾಡಲಿ?

ಯಾವ ಕಾಲಮ್ಮೂ (ಎಂಜೈಮನ್ನು ಬೇರ್ಪಡಿಸಿ ಶುದ್ಧ ಮಾಡುವ ಕೊಳವೆ) ಬೇಡ. ಕ್ಯುವೆಟ್‌ನಲ್ಲಿ (ಬೆಳಕು ಹಾಯಿಸಿ ಬಣ್ಣ ಅಳೆಯುವ ಪುಟ್ಟ ಪಾತ್ರೆ) ಚುರುಕಾಗಿರುವ ಎಂಜೈಮ್ ಡೈಯಿಂಗ್ ಯೂನಿಟ್‌ನ ನೀರಿಗೆ ಬಿದ್ದರೆ ಸುಮ್ಮನಾಗುತ್ತದೆ ಎಂದು ಬರೆದಿದ್ದೀರಿ. ನನ್ನ ಕೆಲಸವೂ ಇಲ್ಲೇ ಸಿಕ್ಕಿಕೊಂಡಿತ್ತು. ನಾನೂ ಎಂಜೈಮ್ ಕೊಳಕಾಗಿದೆ ಅಂದುಕೊಂಡೇ ಶುದ್ಧ ಮಾಡಲು ಹೊರಟಿದ್ದೆ. ಮೊದಲು ಇದನ್ನು ಹೇಳಿ: ನೀರಿನ ಪಿಎಚ್ ಇಳಿಸಲು ಯಾವ ಆಸಿಡ್ ಹಾಕಿದಿರಿ?

ನಾನು ಹಾಕಿದ್ದು ಹೈಡ್ರೋಕ್ಲೋರಿಕ್. ಎಲ್ಲ ಹಾಳಾದದ್ದು ಅದರಿಂದಲೇ.

ರಿಯಾಕ್ಟಿವ್ ಡೈ ಹತ್ತಿಗೆ ಹಿಡಿಯಲು ಲೀಟರಿಗೆ ಸುಮಾರು 20 ಗ್ರಾಂ ಸೋಡಾ ಆ್ಯಶ್ (ಸೋಡಿಯಂ ಕಾರ್ಬೊನೇಟ್) ಹಾಕುತ್ತಾರೆ, ಹಾಗಾಗಿ ತೊಟ್ಟಿಯಿಂದ ನೇರ ಬರುವ ನೀರು ಪಿಎಚ್ 11ರ ಆಸುಪಾಸಿನಲ್ಲಿರುತ್ತದೆ. ಅಣಬೆ ಲ್ಯಾಕೇಸಿಗೆ ಬೇಕಾದದ್ದು 4.5ರಿಂದ 5. ಹೈಡ್ರೋಕ್ಲೋರಿಕ್ ಸುರಿದೆ, ನೊರೆ ಬೀಕರಿನ ಬಾಯಿ ದಾಟಿತು, ಮೀಟರ್ 5 ತೋರಿಸಿತು, ಖುಷಿಯಾಯಿತು. ಈಗ ಲೆಕ್ಕ ಹಾಕಿ. 20 ಗ್ರಾಂ ಸೋಡಾ ಆ್ಯಶ್ ಅಂದರೆ 0.19 ಮೋಲಾರ್. ಒಂದು ಕಾರ್ಬೊನೇಟಿಗೆ ಎರಡು ಆಸಿಡ್ ಬೇಕು. ಅಂದರೆ ಪಿಎಚ್ ಸರಿಮಾಡುವ ಹೆಸರಿನಲ್ಲಿ 0.38 ಮೋಲಾರ್ ಕ್ಲೋರೈಡ್ ಸೇರಿಸಿದ ಹಾಗಾಯಿತು, ಲೀಟರಿಗೆ 22 ಗ್ರಾಂ ಅಡುಗೆ ಉಪ್ಪು ಕರಗಿಸಿದಷ್ಟು. ನಾನು ನೀರು ತಂದ ಯೂನಿಟ್‌ನವರು ಬಳಸುತ್ತಿದ್ದದ್ದು ಗ್ಲಾಬರ್ ಉಪ್ಪು, ಅಂದರೆ ಸಲ್ಫೇಟ್. ಅವರ ನೀರಿನಲ್ಲಿ ಕ್ಲೋರೈಡ್ ಹೆಚ್ಚೇನೂ ಇರಲಿಲ್ಲ. ತುಂಬಿದ್ದು ನಾನೇ.

ಕ್ಲೋರೈಡ್ ಯಾಕೆ ತೊಂದರೆ? ಲ್ಯಾಕೇಸ್‌ನೊಳಗೆ ನಾಲ್ಕು ತಾಮ್ರದ ಪರಮಾಣುಗಳಿವೆ. ಒಂದು ತಾಮ್ರ ಬಣ್ಣದಿಂದ ಎಲೆಕ್ಟ್ರಾನ್ ಕಿತ್ತು, ಒಟ್ಟಿಗಿರುವ ಉಳಿದ ಮೂರಕ್ಕೆ ದಾಟಿಸುತ್ತದೆ. ಅಲ್ಲಿ ಆಮ್ಲಜನಕ ನಾಲ್ಕು ಎಲೆಕ್ಟ್ರಾನ್ ಪಡೆದು ನೀರಾಗುತ್ತದೆ. ಕ್ಲೋರೈಡ್ ಈ ಓಡಾಟಕ್ಕೆ ಅಡ್ಡಬರುತ್ತದೆ. ಫ್ಲೋರೈಡ್, ಅಜೈಡ್ ಇನ್ನೂ ಕೆಟ್ಟವು. ಪಿಎಚ್ ಏರಿದರೆ ಹೈಡ್ರಾಕ್ಸೈಡೂ ಅದೇ ಕೆಲಸ ಮಾಡುತ್ತದೆ.

ನನ್ನನ್ನು ಹೆಚ್ಚು ದಾರಿ ತಪ್ಪಿಸಿದ್ದು ಅಸ್ಸೇ, ಅಂದರೆ ಎಂಜೈಮಿನ ಚುರುಕು ಅಳೆಯುವ ಪರೀಕ್ಷೆ. ಬಣ್ಣ ಹೋಗದೆ ನಿಂತ ಫ್ಲಾಸ್ಕಿನಿಂದಲೇ 50 ಮೈಕ್ರೋಲೀಟರ್ ತೆಗೆದು ಎಬಿಟಿಎಸ್ (ಲ್ಯಾಕೇಸ್ ಕೆಲಸ ಮಾಡಿದರೆ ಹಸಿರಾಗುವ ರಾಸಾಯನಿಕ) ಪರೀಕ್ಷೆ ಮಾಡಿದರೆ ಕ್ಯುವೆಟ್ ಹಸಿರಾಗುತ್ತಿತ್ತು, ಆಕ್ಟಿವಿಟಿ ಹೆಚ್ಚೂಕಡಿಮೆ ಪೂರ್ತಿ. ಎಂಜೈಮ್ ಬದುಕಿದೆ, ಬಣ್ಣ ಮಾತ್ರ ಹೋಗುತ್ತಿಲ್ಲ! ನಡೆದದ್ದು ಇಷ್ಟೇ: 50 ಮೈಕ್ರೋಲೀಟರ್ 1 ಮಿಲಿಗೆ ಬಿದ್ದಾಗ ಕ್ಲೋರೈಡ್ ಇಪ್ಪತ್ತು ಪಟ್ಟು ತೆಳುವಾಗಿ 0.02 ಮೋಲಾರಿಗೆ ಇಳಿಯುತ್ತದೆ. ಈ ತಡೆ ತಾತ್ಕಾಲಿಕ. ತೆಳು ಮಾಡಿದರೆ ಎಂಜೈಮ್ ಏಳುತ್ತದೆ, ಫ್ಲಾಸ್ಕಿನೊಳಗೆ ಮಲಗಿಯೇ ಇರುತ್ತದೆ. ನೀವು ಹೇಳಿದ ಲಕ್ಷಣವೂ ಇದೇ ಅಲ್ಲವೇ?

ಈಗ ಕಾಲಮ್ ವಿಷಯ. ಡಿಇಎಇ ಕಾಲಮ್‌ನಿಂದ (ಪ್ರೋಟೀನನ್ನು ಅದರ ವಿದ್ಯುದಾವೇಶದಿಂದ ಹಿಡಿಯುವಂಥದ್ದು) ಲ್ಯಾಕೇಸ್ ಇಳಿಸುವುದು ಸೋಡಿಯಂ ಕ್ಲೋರೈಡ್ ಗ್ರೇಡಿಯಂಟಿನಿಂದಲೇ, ಅಂದರೆ ಉಪ್ಪನ್ನು ಮೆಲ್ಲಗೆ ಏರಿಸುತ್ತ, 0.5 ಮೋಲಾರ್‌ವರೆಗೆ. ಡಯಾಲಿಸಿಸ್ ಮಾಡಿ (ಪೊರೆಯ ಮೂಲಕ) ಉಪ್ಪು ತೆಗೆಯದೆ, ಕಾಲಮ್ಮಿನಿಂದ ಇಳಿದ ಆ ಫ್ರ್ಯಾಕ್ಷನ್ನುಗಳನ್ನು ಬಣ್ಣದ ನೀರಿಗೆ ಹಾಕಿದರೆ ಉಪ್ಪಿನ ಮೇಲೆ ಉಪ್ಪು. ಬಣ್ಣ ತೆಗೆಯಲು ಶುದ್ಧ ಎಂಜೈಮ್ ಬೇಕಾಗಿಯೂ ಇಲ್ಲ. 100 ಗ್ರಾಂ ಹಸಿ ಹುಲ್ಲಿಗೆ 300 ಮಿಲಿ ತಣ್ಣನೆಯ 50 ಮಿಲಿಮೋಲಾರ್ ಸೋಡಿಯಂ ಅಸಿಟೇಟ್ ಬಫರ್, ಪಿಎಚ್ 5; ಒಂದು ಗಂಟೆ ಅಲ್ಲಾಡಿಸಿ, ಮಸ್ಲಿನ್ ಬಟ್ಟೆಯಲ್ಲಿ ಹಿಂಡಿ, ಸೆಂಟ್ರಿಫ್ಯೂಜ್ ಮಾಡಿದರೆ ಸಾಕು. ಬಫರ್ ಕೆಡದಿರಲೆಂದು ಅಜೈಡ್ ಮಾತ್ರ ಹಾಕಬೇಡಿ; ರೂಢಿಯಲ್ಲಿರುವ 0.02 ಶೇಕಡಾ ಎಂದರೆ 3 ಮಿಲಿಮೋಲಾರ್, ಲ್ಯಾಕೇಸನ್ನು ತಡೆಯಲು ಅಷ್ಟು ಧಾರಾಳ ಸಾಕು. ಹುಲ್ಲು ಕೊಯ್ಲು ಮುಗಿದದ್ದಾದರೆ ಎಂಜೈಮ್ ಕಡಿಮೆ ಸಿಗುತ್ತದೆ. ಚಿಪ್ಪಣಬೆಯಲ್ಲಿ ಲ್ಯಾಕೇಸ್ ಏರುವುದು ಬಿಳಿ ಎಳೆ ಚೀಲವನ್ನೆಲ್ಲ ಆವರಿಸುವಾಗ, ಅಣಬೆ ಮೂಡುವಾಗ ಇಳಿಯುತ್ತದೆ.

ಮುಂದಿನ ವಾರ ಮಾಡಬೇಕಾದ್ದು ಉಪ್ಪಿನ ಸಾಲು. 100 ಮಿಲಿಮೋಲಾರ್ ಅಸಿಟೇಟ್, ಪಿಎಚ್ 4.5, 0.5 ಮಿಲಿಮೋಲಾರ್ ಎಬಿಟಿಎಸ್. ಕ್ಯುವೆಟ್‌ನೊಳಗೇ ಸೋಡಿಯಂ ಕ್ಲೋರೈಡ್ 0, 0.05, 0.1, 0.25, 0.5 ಮೋಲಾರ್ ಇರುವಂತೆ ಐದು. 420 ನ್ಯಾನೋಮೀಟರ್‌ನಲ್ಲಿ ಅಬ್ಸಾರ್ಬೆನ್ಸ್ (ಬೆಳಕು ಹೀರುವಿಕೆ) ನಿಮಿಷಕ್ಕೆ ಏರಿದ್ದನ್ನು 36ರಿಂದ (ಹಸಿರಾದ ಎಬಿಟಿಎಸ್ ಬೆಳಕು ಹೀರುವ ಗುಣಾಂಕ) ಭಾಗಿಸಿ, ಒಟ್ಟು ಪ್ರಮಾಣವನ್ನು ಎಂಜೈಮ್ ಪ್ರಮಾಣದಿಂದ ಭಾಗಿಸಿ ಬಂದದ್ದರಿಂದ ಗುಣಿಸಿ. ನಿಮಿಷಕ್ಕೆ 0.36 ಏರಿ, 1 ಮಿಲಿಯಲ್ಲಿ 50 ಮೈಕ್ರೋಲೀಟರ್ ಎಂಜೈಮ್ ಇದ್ದರೆ ಮಿಲಿಗೆ 0.2 ಯೂನಿಟ್. ಉಪ್ಪನ್ನು ತಾಳಿಕೊಳ್ಳುವ ಶಕ್ತಿ ಒಂದೊಂದು ಅಣಬೆಯ ಲ್ಯಾಕೇಸಿಗೆ ಒಂದೊಂದು ಥರ, ನಿಮ್ಮದು ಎಲ್ಲಿ ಅರ್ಧಕ್ಕೆ ಬೀಳುತ್ತದೆ ಎನ್ನುವುದು ಈ ಸಾಲಿನಿಂದಲೇ ಗೊತ್ತಾಗಬೇಕು.

ಜೊತೆಗೆ ಅದೇ ನೀರನ್ನು ಎರಡು ಪಾಲು ಮಾಡಿ, ಒಂದಕ್ಕೆ ಹೈಡ್ರೋಕ್ಲೋರಿಕ್, ಇನ್ನೊಂದಕ್ಕೆ ತೆಳು ಸಲ್ಫ್ಯೂರಿಕ್ ಹಾಕಿ ಪಿಎಚ್ 5ಕ್ಕೆ ತನ್ನಿ. ಅಸಿಟಿಕ್ ಬೇಡ, ಸಿಒಡಿ (ನೀರಿನ ಕೊಳೆಯನ್ನು ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಅಳತೆ) ಏರುತ್ತದೆ. ಎರಡಕ್ಕೂ 10 ನಿಮಿಷ ಕುದಿಸಿದ ಎಂಜೈಮಿನ ಕಂಟ್ರೋಲ್ ಇರಲಿ, ಇಲ್ಲದಿದ್ದರೆ ಅಣಬೆ ಎಳೆಗೆ ಅಂಟಿ ಮಾಯವಾದ ಬಣ್ಣವೂ ನಿಮ್ಮ ಸಾಧನೆಯ ಲೆಕ್ಕಕ್ಕೆ ಸೇರುತ್ತದೆ. ಟ್ಯೂಬಿನ ಮುಚ್ಚಳ ಬಿಗಿಯಬೇಡಿ. ನೀರಿನಲ್ಲಿ ಕರಗಿರುವ ಆಮ್ಲಜನಕ ಲೀಟರಿಗೆ 8 ಮಿಲಿಗ್ರಾಂನಷ್ಟೇ, ಬೇಗ ತೀರುತ್ತದೆ.

ಸಲ್ಫ್ಯೂರಿಕ್ ಪಾಲಿನಲ್ಲೂ ಬಣ್ಣ ಹೋಗದಿದ್ದರೆ ಡೈ ಯಾವುದೆಂದು ವಿಚಾರಿಸಿ. ಲ್ಯಾಬಿನಲ್ಲಿ ಎಲ್ಲರೂ ಹಿಡಿಯುವ ರೆಮಜಾಲ್ ಬ್ರಿಲಿಯಂಟ್ ಬ್ಲೂ ಆಂಥ್ರಾಕ್ವಿನೋನ್ ಜಾತಿಯದು, ಲ್ಯಾಕೇಸಿಗೆ ಸುಲಭದ ತುತ್ತು. ರಿಯಾಕ್ಟಿವ್ ಬ್ಲ್ಯಾಕ್ 5ರಂಥ ಅಜೋ ಡೈ ಹಾಗಲ್ಲ, ಅದಕ್ಕೆ ಸಾಮಾನ್ಯವಾಗಿ ಮೀಡಿಯೇಟರ್, ಅಂದರೆ ಎಂಜೈಮಿಗೂ ಡೈಗೂ ನಡುವೆ ಎಲೆಕ್ಟ್ರಾನ್ ಸಾಗಿಸುವ ಸಣ್ಣ ಅಣು, ಬೇಕು. ಸಿರಿಂಜಾಲ್ಡಿಹೈಡ್ 1 ಮಿಲಿಮೋಲಾರ್‌ನಿಂದ ಶುರುಮಾಡಿ.

ಕೊನೆಯಲ್ಲಿ ಅರಗಿನ ಮರದ ಲ್ಯಾಕೇಸ್ ತರಿಸಲೇ ಎಂದೂ ಕೇಳಿದ್ದೀರಿ. 1883ರಲ್ಲಿ ಯೋಶಿದಾ ಇದನ್ನು ಮೊದಲು ಕಂಡದ್ದು ಜಪಾನಿನ ಆ ಮರದ ರಸದಲ್ಲೇ, ಹೆಸರು ಬಂದದ್ದೂ ಅಲ್ಲಿಂದಲೇ. (ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗು ಬೇರೆ, ಅದು ಹುಳುವಿನದು.) ಆದರೆ ಆ ಮರದ ಲ್ಯಾಕೇಸಿನ ರೆಡಾಕ್ಸ್ ಪೊಟೆನ್ಷಿಯಲ್ (ಎಲೆಕ್ಟ್ರಾನ್ ಕೀಳುವ ಬಲ) 0.4 ವೋಲ್ಟಿನ ಆಸುಪಾಸು, ಟ್ರಾಮೆಟಿಸ್ ಅಣಬೆಯದು 0.78. ಡೈ ಕೆಲಸಕ್ಕೆ ಅಣಬೆಯೇ ಸರಿ.

ನಿಜ ಹೇಳಬೇಕೆಂದರೆ ಕೊಳಚೆ ನೀರು ಲ್ಯಾಕೇಸಿಗೆ ತಕ್ಕ ಜಾಗವೇ ಅಲ್ಲ. ಬಣ್ಣ ಹೋದರೂ ಸಿಒಡಿ ಅಷ್ಟಾಗಿ ಇಳಿಯುವುದಿಲ್ಲ. ಪ್ರಾಜೆಕ್ಟ್ ಬದಲಿಸಲು ಇನ್ನೂ ಸಮಯವಿದ್ದರೆ ಬಳ್ಳಾರಿಯ ಜೀನ್ಸ್ ವಾಷಿಂಗ್ ಕಡೆ ನೋಡಿ. ಡೆನಿಮ್ ಮಸುಕು ಮಾಡುವ ಲ್ಯಾಕೇಸ್ 1996ರಲ್ಲೇ ಡೆನಿಲೈಟ್ ಹೆಸರಿನಲ್ಲಿ ಮಾರಾಟಕ್ಕೆ ಬಂದಿದೆ. ಪಿಎಚ್ 5, 60 ಡಿಗ್ರಿ, ಅರ್ಧ ಗಂಟೆ. ಇಂಡಿಗೋ ಒಡೆದು ಇಸಾಟಿನ್ ಆಗುತ್ತದೆ, ಹೈಪೋಕ್ಲೋರೈಟಿನಂತೆ ಹತ್ತಿಯ ನೂಲನ್ನು ತಿನ್ನುವುದಿಲ್ಲ. ಬಟ್ಟೆ ಆರಿಸುವಾಗ ಇಂಡಿಗೋ ಕೆಳಗೆ ಸಲ್ಫರ್ ಬ್ಲ್ಯಾಕ್ ಹಾಕಿದ್ದಾರೆಯೇ ಎಂದು ಕೇಳಿಕೊಳ್ಳಿ. ಹಾಕಿದ್ದರೆ ನೀಲಿ ಹೋಗಿ ಆ ಕಪ್ಪು ಹಾಗೇ ಉಳಿಯುತ್ತದೆ.