ಓದುಗರ ಪ್ರಶ್ನೆಗೆ ಉತ್ತರ: ನಂಬಿಕೆಯ ಮಾತು ಗಂಟಲಲ್ಲೇ ಉಳಿದಾಗ

ಪ್ರಶ್ನೆ: ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ಊಟದ ಡಬ್ಬಿ ತೆರೆಯುವ ಮೊದಲು ಕಣ್ಣು ಮುಚ್ಚಿ ಪ್ರಾರ್ಥಿಸುವುದು ರೂಢಿ. ಹೋದ ತಿಂಗಳು ಪಕ್ಕದ ಮೇಜಿನವರು “ದಿನಾ ಏನ್ ಬೇಡ್ಕೋತೀರಿ?” ಎಂದು ಕೇಳಿದರು. “ಏನಿಲ್ಲ ಬಿಡಿ, ಅಭ್ಯಾಸ” ಅಂದುಬಿಟ್ಟೆ. ಯೇಸುವಿನ ಶಿಷ್ಯ ಪೇತ್ರ ಮೂರು ಸಲ ‘ಅವನನ್ನು ಅರಿಯೆ’ ಅಂದದ್ದು ನೆನಪಾಗಿ ಅಂದಿನಿಂದ ಸಮಾಧಾನವಿಲ್ಲ. ಬಾಯಿ ಬಿಡುವುದು ಹೇಗೆ?
— ಓದುಗರು, ದಾವಣಗೆರೆ

ಉತ್ತರ: ಪೇತ್ರನನ್ನು ಸದ್ಯಕ್ಕೆ ಬಿಡಿ. ಅವನನ್ನು ಕೇಳಿದವರು ಹಿಡಿದುಕೊಡುವವರಂತೆ ಕೇಳಿದ್ದರು, ನಿಮ್ಮನ್ನು ಕೇಳಿದವರು ಉಪ್ಪಿನಕಾಯಿ ಹಂಚಿಕೊಳ್ಳುವವರು. ಕೈತಪ್ಪಿದ ಮಾತನ್ನು ಮತ್ತೆ ಎತ್ತಿಕೊಳ್ಳಬಹುದು. ನಾಳೆ ಊಟದ ಹೊತ್ತಿಗೆ ಹೀಗೆ ಹೇಳಿ: “ಆವತ್ತು ನೀವು ಕೇಳಿದ್ರಿ, ನಾನು ಸರಿಯಾಗಿ ಹೇಳ್ಲಿಲ್ಲ. ಊಟ ಕೊಟ್ಟ ದೇವರಿಗೆ ಥ್ಯಾಂಕ್ಸ್ ಹೇಳ್ತೀನಿ. ಬೆಳೆದವರಿಗೂ ಅಡುಗೆ ಮಾಡಿದವರಿಗೂ ಒಳ್ಳೇದಾಗ್ಲಿ ಅಂತೀನಿ.” ಅಲ್ಲಿಗೆ ನಿಲ್ಲಿಸಿ, ಊಟ ಮಾಡಿ. ಇನ್ನೊಂದು ಪ್ರಶ್ನೆ ಬಂದರೆ ಇನ್ನೊಂದು ಉತ್ತರ, ಬಾರದಿದ್ದರೆ ಇಲ್ಲ.

ಬಾಯಿ ಕಟ್ಟುವುದಕ್ಕೆ ಭಯಕ್ಕಿಂತ ತಲೆಯಲ್ಲಿ ಕೂತಿರುವ ಮಾದರಿಯೇ ಹೆಚ್ಚು ಕಾರಣ. ‘ಸಾಕ್ಷಿ’ (ತನ್ನ ನಂಬಿಕೆಯ ಅನುಭವವನ್ನು ಇತರರಿಗೆ ಹೇಳುವುದು) ಅಂದೊಡನೆ ನಮಗೆ ಕನ್ವೆನ್ಷನ್ ಎಂಬ ದೊಡ್ಡ ಕ್ರೈಸ್ತ ಕೂಟದ ವೇದಿಕೆಯ ಬೋಧಕರು ಕಾಣುತ್ತಾರೆ. ಆದರೆ ಕೋರ್ಟಿನಲ್ಲಿ ಸಾಕ್ಷಿ ವಾದ ಮಾಡುವುದಿಲ್ಲ, ಕಂಡದ್ದನ್ನು ಹೇಳಿ ಕಟಕಟೆಯಿಂದ ಇಳಿಯುತ್ತಾನೆ. ಬೈಬಲಿನ ಯೋಹಾನ 9ರಲ್ಲಿ ಯೇಸುವಿನಿಂದ ಕಣ್ಣು ಪಡೆದ ಹುಟ್ಟುಕುರುಡ, ಫರಿಸಾಯರೆಂಬ ಯೆಹೂದಿ ಧರ್ಮನಿಷ್ಠರ ಶಾಸ್ತ್ರಚರ್ಚೆಗೆ ಸಿಕ್ಕಿಬೀಳದೆ, ಕುರುಡನಾಗಿದ್ದೆ, ಈಗ ಕಾಣುತ್ತೇನೆ ಅಂದನಷ್ಟೆ. ಇನ್ನು ನಡುಕದ ಮಾತು: ಕೊರಿಂಥಕ್ಕೆ ಬಂದಾಗ ತಾನು ಬಲಹೀನನಾಗಿ, ಭಯದಿಂದ ಬಹಳ ನಡುಗುತ್ತಿದ್ದೆನೆಂದು ಅಪೊಸ್ತಲ ಪೌಲನೇ ಬರೆದಿದ್ದಾನೆ (1 ಕೊರಿಂಥ 2:3).

ತಯಾರಿ ಬೇಕು, ಎರಡು ಅಳತೆಯದು. ಅರ್ಧ ನಿಮಿಷದ್ದು ಮೇಲೆ ಹೇಳಿದಂಥದ್ದು. ಮೂರು ನಿಮಿಷದ್ದು ಬರೆದೇ ಸಿದ್ಧವಾಗಬೇಕು: ಸುಮಾರು 250–300 ಪದ, ನೋಟ್‌ಬುಕ್ಕಿನ ಒಂದೂವರೆ ಪುಟ. ಅಪೊಸ್ತಲರ ಕೃತ್ಯಗಳು 26ರಲ್ಲಿ ಪೌಲ ಅಗ್ರಿಪ್ಪರಾಜನ ಮುಂದೆ ಆಡಿದ ಮಾತಿನ ಮೂರು ಕಟ್ಟು ಇಲ್ಲಿಗೂ ಸಾಕು: ಮೊದಲು ಹೇಗಿದ್ದೆ, ದಾರಿಯಲ್ಲಿ ಏನಾಯಿತು, ಈಗ ಹೇಗೆ ಬದುಕುತ್ತೇನೆ. ಸಾಮಾನ್ಯವಾಗಿ ಕೆಡುವುದು ಮೊದಲ ಭಾಗ. ಹಳೆಯ ಕುಡಿತ, ಜಗಳ, ಸಾಲದ ವರ್ಣನೆಯಲ್ಲೇ ಎರಡೂವರೆ ನಿಮಿಷ ಹೋಗಿ, ಕ್ರಿಸ್ತನಿಗೆ ಕೊನೆಯ ಅರ್ಧ ನಿಮಿಷ ಉಳಿಯುತ್ತದೆ. ಅದನ್ನು ನಾಲ್ಕೈದು ವಾಕ್ಯಕ್ಕೆ ಇಳಿಸಿ. ಕ್ರೈಸ್ತ ಮನೆಯಲ್ಲೇ ಹುಟ್ಟಿ ಬೆಳೆದವರಿಗೆ ‘ಮೊದಲು’ ಎಂಬುದೇ ಇರುವುದಿಲ್ಲ. ಇಲ್ಲದ್ದನ್ನು ಕಟ್ಟಲು ಹೋಗಬೇಡಿ. ನಂಬಿಕೆ ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದೇ ಒಂದು ಘಟನೆ ಆರಿಸಿ: ಒಂದು ಸಾವು, ಕೈತಪ್ಪಿದ ಕೆಲಸ, ಕ್ಷಮಿಸಲಾಗದೆ ಕೊನೆಗೆ ಕ್ಷಮಿಸಿದ ಅಣ್ಣ.

ಬರೆದದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಚರ್ಚಿನೊಳಗಿನ ಪದ ಬಂದಲ್ಲೆಲ್ಲ ಕಾಗದದ ಮೇಲೆ ಸುತ್ತು ಹಾಕಿ. “ನಾನು ರಕ್ಷಣೆ ಹೊಂದಿದೆ” ಅಂದರೆ ಪಕ್ಕದ ಮೇಜಿನವರಿಗೆ ಪೊಲೀಸ್ ರಕ್ಷಣೆ ನೆನಪಾಗುತ್ತದೆ. “ಸಭೆಗೆ ಹೋಗಿದ್ದೆ” ಅಂದರೆ ಯಾವ ಮೀಟಿಂಗ್ ಅನ್ನುತ್ತಾರೆ. “ಕರ್ತನು ಮಾತನಾಡಿದನು” ಅಂದರೆ ಶಾಲೆಯ ಕರ್ತೃ, ಕರ್ಮ, ಕ್ರಿಯಾಪದ! ಬದಲಿಗೆ, “ನಾನು ಮಾಡಿದ ತಪ್ಪಿಗೆ ದೇವರು ನನ್ನನ್ನ ಕ್ಷಮಿಸಿದ್ದಾನೆ ಅನ್ನೋದು ಒಂದಿನ ನಿಜವಾಗಿ ಮನಸ್ಸಿಗೆ ನಾಟಿತು” ಎನ್ನಿ. ‘ಅನ್ಯಜನರು’ (ಕ್ರೈಸ್ತರಲ್ಲದವರು) ಎಂಬ ಪದವನ್ನಂತೂ ನೆರೆಯವರ ಬಗ್ಗೆ ಮನೆಯೊಳಗೂ ಬಳಸಬೇಡಿ, ಒಂದು ದಿನ ಅದು ಅವರೆದುರಿಗೇ ಬಾಯಿಂದ ಜಾರುತ್ತದೆ. ಜರ್ಮನಿಯಿಂದ ಬಂದ ಮಿಷನರಿ ಕಿಟೆಲ್ ಸಾಹೇಬರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ನಮ್ಮ ಗಾದೆಗಳನ್ನು ತುಂಬಿಟ್ಟರು. ಇಲ್ಲೇ ಹುಟ್ಟಿದ ನಾವು ಗೆಳೆಯರೊಡನೆ ಹಳೆಯ ಬೈಬಲ್ ಅನುವಾದದ ಕನ್ನಡ ಆಡುತ್ತೇವೆ.

ಗೊತ್ತಿಲ್ಲದ ಪ್ರಶ್ನೆ ಬಂದರೆ “ನನಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ” ಅನ್ನಿ, ಒಂದು ವಾರದೊಳಗೆ ತಪ್ಪದೆ ಹೇಳಿ. ಅವರ ದೇವರೊಡನೆ ಹೋಲಿಕೆ ಮಾತ್ರ ಬೇಡವೇ ಬೇಡ.

ಪ್ರಶ್ನೆ: ವರ್ಕ್‌ಶಾಪಿನಲ್ಲಿ ಆಯುಧಪೂಜೆಯ ದಿನ ಪ್ರಸಾದದ ಮುಜುಗರಕ್ಕೆ ರಜೆ ಹಾಕುತ್ತೇನೆ. ಇದು ತಪ್ಪಿಸಿಕೊಳ್ಳುವುದಾಯಿತೇ?
— ಓದುಗರು, ಪೀಣ್ಯ

ಉತ್ತರ: ಆಯಿತು. ಅದೂ ಎಲ್ಲರ ಕಣ್ಣಿಗೆ ಕಾಣುವಂತೆ. ಪ್ರತಿವರ್ಷ ಅದೇ ದಿನ ಜ್ವರ ಬರುವವನನ್ನು ಯಾರು ನಂಬುತ್ತಾರೆ?

ಪ್ರಸಾದದ ವಿಷಯದಲ್ಲಿ ಎಲ್ಲ ಚರ್ಚುಗಳ ನಿಲುವು ಒಂದೇ ಅಲ್ಲ. ವಿಗ್ರಹಕ್ಕೆ ಅರ್ಪಿಸಿದ ಆಹಾರದ ಬಗ್ಗೆ ಹೇಳುವ 1 ಕೊರಿಂಥ 8 ಮತ್ತು 10ನೇ ಅಧ್ಯಾಯಗಳನ್ನು ನಿಮ್ಮ ಚರ್ಚಿನ ಅಯ್ಯನವರೊಡನೆ (ಪಾದ್ರಿ) ಕೂತು ಓದಿ, ನಿಮ್ಮ ಮನಸ್ಸಾಕ್ಷಿ ಏನನ್ನುತ್ತದೆಂದು ಮೊದಲೇ ತೀರ್ಮಾನಿಸಿ. ತಟ್ಟೆ ಎದುರಿಗೆ ಬಂದಾಗ ಯೋಚಿಸಹೊರಟರೆ ಮುಖ ಗಂಟಿಕ್ಕುತ್ತದೆ. ತೆಗೆದುಕೊಳ್ಳುವುದಿಲ್ಲವೆಂದಾದರೆ ಹಿಂದಿನ ದಿನವೇ ಮೇಸ್ತ್ರಿಗೆ ಒಬ್ಬರೇ ಇದ್ದಾಗ ಹೇಳಿ: “ಪ್ರಸಾದ ತಗೊಳ್ಳಲ್ಲ ಅಣ್ಣ, ಬೇಜಾರ್ ಮಾಡ್ಕೋಬೇಡಿ. ಬೇರೆ ಏನು ಕೆಲಸ ಇದ್ರೂ ಹೇಳಿ.” ಲೇತ್ ಒರೆಸುವುದು, ನೆಲ ತೊಳೆಯುವುದು, ಕುರ್ಚಿ ಹಾಕುವುದು ಇದ್ದೇ ಇರುತ್ತದೆ, ಅದಕ್ಕೆ ಮುಂದೆ ನಿಲ್ಲಿ. ಎಲ್ಲಕ್ಕಿಂತ ಕೆಟ್ಟದ್ದು, ನಗುತ್ತ ಕೈಯೊಡ್ಡಿ ಇಸಿದುಕೊಂಡು ಆಮೇಲೆ ಕಸದ ಬುಟ್ಟಿಗೆ ಹಾಕುವುದು. ಅದನ್ನು ಒಬ್ಬರು ಕಂಡರೆ ಹತ್ತು ವರ್ಷ ಮರೆಯುವುದಿಲ್ಲ.

ಡಿಸೆಂಬರಿನಲ್ಲಿ ಕುಸ್ವಾರ್ (ಕಲ್‌ಕಲ್‌ನಂಥ ಕ್ರಿಸ್ಮಸ್ ತಿಂಡಿಗಳ) ಡಬ್ಬಿ ಒಯ್ಯಿರಿ. ಅದರೊಳಗೆ ಕರಪತ್ರ ಇಡಬೇಡಿ. ಕಲ್‌ಕಲ್ ಕಲ್‌ಕಲ್ಲೇ ಆಗಿರಲಿ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ನೋವಿನಲ್ಲಿರುವವರನ್ನು ಕಂಡಾಗ ಪ್ರಾರ್ಥಿಸಬೇಕೆನಿಸುತ್ತದೆ, ಸಂಕೋಚವೂ ಆಗುತ್ತದೆ.
— ಓದುಗರು, ಹಾಸನ

ಉತ್ತರ: ಇಲ್ಲಿ ನಿಮ್ಮ ಸಂಕೋಚವೇ ಸರಿ. ಹಾಸಿಗೆಯಲ್ಲಿರುವವರು ನಿಮ್ಮ ಕೈಯ ಸೂಜಿಗೆ, ಮಾತ್ರೆಗೆ ಕಾದಿರುತ್ತಾರೆ. ‘ಬೇಡ’ ಅನ್ನಲು ಅವರಿಗೆ ಧೈರ್ಯ ಸಾಲದು. ಮನಸ್ಸಿನಲ್ಲೇ ಎಷ್ಟು ಬೇಕಾದರೂ ಪ್ರಾರ್ಥಿಸಿ. ಗಟ್ಟಿಯಾಗಿ ಪ್ರಾರ್ಥಿಸುವುದು ಅವರಾಗಿಯೇ ಕೇಳಿದರೆ ಮಾತ್ರ, ಅದೂ ಆಸ್ಪತ್ರೆಯ ನಿಯಮ ಒಪ್ಪಿದರೆ. ಆಗಲೂ ಅರ್ಧ ನಿಮಿಷ, ಮೆಲುದನಿ, ಪಕ್ಕದ ಹಾಸಿಗೆಗೆ ಕೇಳಿಸದಂತೆ. ಕೇಳದೆ ತಲೆಯ ಮೇಲೆ ಕೈಯಿಡಬೇಡಿ. “ವಾಸಿಯಾಗೇ ಆಗ್ತೀರಿ” ಎಂಬ ಭರವಸೆ ನಿಮ್ಮ ಕೈಲಿಲ್ಲ. “ನೋವು ಕಡಿಮೆಯಾಗಲಿ, ಡಾಕ್ಟರ ಕೈಗೆ ಬುದ್ಧಿ ಕೊಡು” ಎಂದರೆ ಸಾಕು. ಔಷಧಿ ನಿಲ್ಲಿಸುವ ಮಾತು ಯಾರ ಬಾಯಿಂದ ಬಂದರೂ ತಡೆಯುವುದು ನಿಮ್ಮ ಕೆಲಸ.

ಪ್ರಶ್ನೆ: ಕಾನೂನಿನ ಭಯದಿಂದ ಬಾಯಿ ಮುಚ್ಚಿಕೊಂಡಿದ್ದೇವೆ. ಯಾವುದು ಸರಿ, ಯಾವುದು ತಪ್ಪು?
— ಓದುಗರು, ಬೆಳಗಾವಿ

ಉತ್ತರ: ಸಂವಿಧಾನದ 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಪ್ರಚಾರವೆಂದರೆ ತನ್ನ ಧರ್ಮದ ತತ್ತ್ವಗಳನ್ನು ತಿಳಿಸುವುದು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿತು. ಕರ್ನಾಟಕದ 2022ರ ಕಾಯ್ದೆ ಬಲವಂತ, ಮೋಸ, ಆಮಿಷ, ಮದುವೆಯ ವಾಗ್ದಾನದಿಂದ ಮಾಡುವ ಮತಾಂತರವನ್ನು ನಿಷೇಧಿಸಿತು. ಮತಾಂತರಕ್ಕೆ 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕೆಂದಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಆದರೆ ಸಂಪುಟ ತೀರ್ಮಾನಿಸಿದ ಮಾತ್ರಕ್ಕೆ ಕಾಯ್ದೆ ರದ್ದಾಗುವುದಿಲ್ಲ, ಈಗಿನ ಸ್ಥಿತಿಯನ್ನು ವಕೀಲರಿಂದಲೇ ತಿಳಿಯಿರಿ.

ದಿನನಿತ್ಯಕ್ಕೆ ಇಷ್ಟು: ಹಣ, ಅಕ್ಕಿ, ಸ್ಕೂಲ್ ಫೀಸು ಕೊಡುವ ಭೇಟಿಯಲ್ಲಿ ನಂಬಿಕೆಯ ಮಾತು ಬೇಡ. ತಂದೆತಾಯಿಗೆ ತಿಳಿಯದೆ ಮಕ್ಕಳೊಡನೆ ಬೇಡ. ಕಾನೂನು ಇರಲಿ ಬಿಡಲಿ, ಹಸಿದವರ ಮುಂದೆ ಅಕ್ಕಿಚೀಲ ಇಟ್ಟು ಆಡುವ ಸುವಾರ್ತೆ ಕೇಳುವವರಿಗೂ ಚೌಕಾಸಿಯಂತೆಯೇ ಕೇಳಿಸುತ್ತದೆ.

ಪ್ರಶ್ನೆ: ದಿನವೂ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ವಾಕ್ಯ ಹಾಕುತ್ತೇನೆ. ಇದು ಸಾಕ್ಷಿಯೇ?
— ಓದುಗರು, ಉಡುಪಿ

ಉತ್ತರ: ಹಾಕಿ, ತಪ್ಪೇನಿಲ್ಲ. ಆದರೆ ಗುಲಾಬಿ ಹೂವಿನ ಮೇಲಿನ ವಾಕ್ಯವನ್ನು ಜನ ಹೆಬ್ಬೆರಳಿನಿಂದ ದಾಟಿಸಿ ಮುಂದೆ ಹೋಗುತ್ತಾರೆ. ಮಾರ್ಕ 5ರಲ್ಲಿ ದೆವ್ವ ಬಿಟ್ಟವನು ಯೇಸುವಿನ ಜೊತೆ ದೋಣಿ ಹತ್ತುತ್ತೇನೆಂದು ಬೇಡಿಕೊಂಡರೂ, ಮನೆಗೆ ಹೋಗಿ ನಿನ್ನವರಿಗೆ ಹೇಳು ಎಂದು ಅವನನ್ನು ಕಳುಹಿಸಲಾಯಿತು. ನಿಮ್ಮ ಸ್ಟೇಟಸ್ ನೋಡಿದವರ ಪಟ್ಟಿ ತೆರೆಯಿರಿ. ಅದರಲ್ಲಿ ಈ ವಾರ ಯಾರ ಅಮ್ಮನಿಗೆ ಆಪರೇಷನ್ ಇದೆ, ಯಾರ ಮಗ ಪರೀಕ್ಷೆಯಲ್ಲಿ ಫೇಲಾದ ಎಂದು ನಿಮಗೆ ಗೊತ್ತಿರುತ್ತದೆ. ಅವರಿಗೆ ಫೋನ್ ಮಾಡಿ, ಹತ್ತು ನಿಮಿಷ ಅವರ ಮಾತು ಕೇಳಿ. ಕೊನೆಯಲ್ಲಿ “ನಿಮಗೋಸ್ಕರ ಪ್ರಾರ್ಥನೆ ಮಾಡಬಹುದಾ?” ಎಂದು ಕೇಳಿ. ‘ಬೇಡ’ ಅಂದರೆ “ಆಯ್ತು, ಸಂಜೆ ಊಟ ತಂದುಕೊಡ್ತೀನಿ” ಅನ್ನಿ, ತಂದುಕೊಡಿ.