ಒಂದೇ ಜಾತಿಯವರಾದ್ರೆ ಮದುವೆ ಆದ್ಮೇಲೆ ಹೊಂದಾಣಿಕೆ ಸುಲಭನಾ?

ಸ್ವಲ್ಪ ಮಟ್ಟಿಗೆ ಹೌದು, ಆದ್ರೆ ಜನ ಅಂದ್ಕೊಳ್ಳೋಷ್ಟು ಅಲ್ಲ. 2011-12ರ ಐಎಚ್‌ಡಿಎಸ್ ಅನ್ನೋ ದೇಶದ ಮನೆಮನೆ ಸರ್ವೆ (ಇಂಡಿಯಾ ಹ್ಯೂಮನ್ ಡೆವಲಪ್‌ಮೆಂಟ್ ಸರ್ವೆ) ನೋಡಿದ್ರೆ ನಮ್ಮ ದೇಶದಲ್ಲಿ ಜಾತಿ ಬಿಟ್ಟು ಮದುವೆ ಆದವರು ಸುಮಾರು 5% ಅಷ್ಟೇ, ಹಾಗಂತ ಉಳಿದವರ ಮನೇಲೆಲ್ಲಾ ಹೊಂದಾಣಿಕೆ ಇದೆ ಅಂತ ಯಾರೂ ಹೇಳಲ್ಲ ಅಲ್ವಾ.

ನಾನು ಮೈಸೂರು ಕಡೆಯವಳು, ನಮ್ಮೆಜಮಾನ್ರು ಧಾರವಾಡ ಕಡೆಯವರು, ಇಬ್ರೂ ಲಿಂಗಾಯತರೇ. ಇಷ್ಟಲಿಂಗ ಪೂಜೆ, ವಿಭೂತಿ ಎಲ್ಲಾ ಒಂದೇ, ಅದನ್ನ ಯಾರಿಗೂ ವಿವರಿಸೋ ಕೆಲಸ ಇರ್ಲಿಲ್ಲ, ಅದು ದೊಡ್ಡ ನೆಮ್ಮದಿನೇ. ಆದ್ರೆ ನಂಗೆ ಜೋಳದ ರೊಟ್ಟಿ ಬಡಿಯೋಕೆ ಬರಲ್ಲ, ಹಿಟ್ಟು ಅಂಚಲ್ಲೆಲ್ಲಾ ಬಿರಿದು ಕೈಗೇ ಬರೋದು, ಅದನ್ನ ನೋಡಿ ಅತ್ತೆ "ಏ ಹುಚ್ಚಿ, ಬಿಸಿನೀರು ಹಾಕಿ ನಾದಬೇಕವಾ" ಅಂದ್ರು. ಹುಚ್ಚಿ ಅಂದ್ರಲ್ಲಾ ಅಂತ ರಾತ್ರಿಯೆಲ್ಲಾ ಅತ್ತಿದೀನಿ! ಅವರ ಕಡೆ ಅದು ಮುದ್ದಿನ ಮಾತು ಅಂತ ಗೊತ್ತಾಗೋಕೆ ತಿಂಗಳುಗಟ್ಟಲೆ ಬೇಕಾಯ್ತು.

ಜಾತಿ ಜೊತೆ ಊರಿನ ಕಡೆ, ಮಾತಿನ ರೀತಿನೂ ಒಂದೇ ಆಗಿದ್ರೆ ಇಂಥ ಸಣ್ಣಪುಟ್ಟ ತಪ್ಪು ತಿಳುವಳಿಕೆ ಕಮ್ಮಿ ಆಗತ್ತೆ, ಹಬ್ಬ, ನೆಂಟರ ಉಪಚಾರ ಇವೆಲ್ಲಾ ಸಲೀಸು. ನಮ್ಮಿಬ್ಬರ ಮಧ್ಯೆ ನಿಜವಾದ ಜಗಳ ಆಗಿದ್ದು ಮಾತ್ರ ನನ್ನ ಸಂಬಳದಲ್ಲಿ ನಮ್ಮಪ್ಪ ಅಮ್ಮಂಗೆ ದುಡ್ಡು ಕಳಿಸೋ ವಿಷಯಕ್ಕೆ, ಅದಕ್ಕೆ ಜಾತಿನೂ ಇಲ್ಲ ಜಾತಕನೂ ಇಲ್ಲ.

ಹುಡುಗನ್ನ ನೋಡೋಕೆ ಹೋದಾಗ ದಯವಿಟ್ಟು ಇದನ್ನ ಬಾಯಿಬಿಟ್ಟು ಕೇಳಿ: ನಾನು ಕೆಲಸ ಮುಂದುವರಿಸಬಹುದಾ, ತವರಿಗೆ ದುಡ್ಡು ಕೊಡಬಹುದಾ, ಮನೆಕೆಲಸ ಯಾರು ಮಾಡೋದು. ಕೇಳಿದ್ರೆ ಬೇಜಾರಾಗೋ ಮನೆ ಆದ್ರೆ ಅಲ್ಲೇ ಗೊತ್ತಾಗತ್ತೆ.